ನಾಕೇದಾರರ ಶುಕ್ರವಾರದ ಕೊಲೆಗಳು

ನಾಕೇದಾರರು ಬೀದರಿನಲ್ಲಿ ತೀರಿಕೊಂಡರೆಂಬ ಸುದ್ದಿ ಭಾಲ್ಕಿಗೆ ಬಂದ ದಿನ ನನ್ನ ಹೆಂಡತಿ ಒಲೆಯ ಮುಂದೆ ಕುಳಿತು ಅತ್ತಳು. ಕೇಳಿದರೆ ಹೊಗೆ ಎಂದಳು. ಒಲೆ ಆರಿ ಬಹಳ ಹೊತ್ತಾಗಿತ್ತು. ನನಗೆ ಅಳು ಬರಲಿಲ್ಲ, ಹೊಟ್ಟೆ ಉರಿಯಿತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದೆಂದು ಹಿರಿಯರು ಹೇಳುತ್ತಾರೆ. ಆ ಹಿರಿಯರು ನಮ್ಮ ನಾಕೇದಾರರನ್ನು ಕಂಡವರಲ್ಲ.

ಹಲಬರ್ಗಾ ಕಡೆಯಿಂದ ಭಾಲ್ಕಿಗೆ ಬರುವ ದಾರಿಯಲ್ಲಿ ನಿಜಾಮ ಸರಕಾರದ ಸುಂಕದ ನಾಕಾ ಇತ್ತು. ಅಲ್ಲಿ ಬಂಡಿ ನಿಲ್ಲಿಸಿ, ಹೊದಿಕೆ ಎತ್ತಿ ನೋಡಿ, ಸುಂಕ ಕಟ್ಟಿಸಿಕೊಳ್ಳುವ ಅಧಿಕಾರ ಇವರದು. ಬೀದರಿನ ಹಳೆಯ ಮುಸಲ್ಮಾನ ಮನೆತನ, ಫಾರಸಿ ಓದಿದವರು. ಶೇರವಾನಿಯ ಗುಂಡಿಗಳು ಕುತ್ತಿಗೆಯವರೆಗೂ ಹಾಕಿರಬೇಕು, ಕಿವಿಯ ಹಿಂದೆ ಅತ್ತರಿನ ಹತ್ತಿ ಇರಬೇಕು, ಮೀಸೆ ಬೆಳಿಗ್ಗೆ ತಿರುವಿದ ಹಾಗೆಯೇ ಸಂಜೆಗೂ ನಿಂತಿರಬೇಕು. ಓಡಾಡಲು ಒಂದು ಬಿಳಿ ಕುದುರೆ. ನಾನೋ ನಾಲ್ಕು ಮಂದಿ ಊರಿನವರು ಸೇರಿ ನಡೆಸುತ್ತಿದ್ದ ಕನ್ನಡ ಸಾಲೆಯ ಮಾಸ್ತರ. ಸರಕಾರಿ ಸಾಲೆಯಲ್ಲಿ ಎಲ್ಲವೂ ಉರ್ದು, ನಮ್ಮ ಸಾಲೆಗೆ ಸರಕಾರದ ಲೆಕ್ಕದಲ್ಲಿ ಇಲ್ಲದ ಮಕ್ಕಳು. ನನಗಿದ್ದದ್ದು ಒಂದು ಕೋಟು, ಅದಕ್ಕೂ ಮೊಣಕೈಯಲ್ಲಿ ತೇಪೆ. ಆ ಕುದುರೆ ಕೂಡ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿತ್ತು.

ಇಷ್ಟನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಗಂಟಲಲ್ಲಿ ಇಳಿಯದೆ ನಿಂತದ್ದು ಅವರ ಕನ್ನಡ. ಮನೆಯಲ್ಲಿ ಆಡುವುದು ದಖನಿ, ಕಚೇರಿಯಲ್ಲಿ ಬರೆಯುವುದು ಉರ್ದು. ಕನ್ನಡವನ್ನು ಅವರು ಯಾವ ಸಾಲೆಯಲ್ಲೂ ಕಲಿತವರಲ್ಲ. ಬಂಡಿ ಹೊಡೆಯುವವರಿಂದ, ಸಂತೆಗೆ ಮೊಸರು ತರುವ ಮುದುಕಿಯರಿಂದ, ನಾಕಾದಲ್ಲಿ ಸುಂಕಕ್ಕಾಗಿ ಜಗಳ ಮಾಡುವವರಿಂದ ಕಲಿತದ್ದು. ವ್ಯಾಕರಣ ಅರೆದು ಕುಡಿದವನು ನಾನು, ನನ್ನ ಬಾಯಲ್ಲಿ ಕನ್ನಡ ಒಣ ರೊಟ್ಟಿ. ಅವರ ಬಾಯಲ್ಲಿ ಅದೇ ರೊಟ್ಟಿಗೆ ಬೆಣ್ಣೆ ಹತ್ತುತ್ತಿತ್ತು.

ನಿಜಾಮರ ರಾಜ್ಯದಲ್ಲಿ ಶುಕ್ರವಾರ ಸೂಟಿ. ಮಧ್ಯಾಹ್ನದ ನಮಾಜು ಮುಗಿಸಿ ನಾಕೇದಾರರು ಪೇಟೆಯ ಧಾನ್ಯದ ಸಾಹುಕಾರರ ಅಂಗಡಿ ಕಟ್ಟೆಗೆ ಬಂದು ಕೂಡುತ್ತಿದ್ದರು. ಅಲ್ಲಿ ಕಥೆ. ಒಂದೊಂದು ಶುಕ್ರವಾರಕ್ಕೆ ಒಂದೊಂದು ಕೊಲೆ, ಒಂದಕ್ಕಿಂತ ಒಂದು ಭಯಂಕರ. ಎಲ್ಲ ಕೊಲೆಗಳೂ ಹಳೆಯ ವಸ್ತುಗಳಿಗಾಗಿ. ಅಷ್ಟೂರಿನ ಸುಲ್ತಾನರ ಗೋರಿಗಳಿಂದ ಬಣ್ಣದ ಹೆಂಚು ಕಿತ್ತು ಮಾರಿದ ಕಾವಲುಗಾರ, ಬೆಳ್ಳಿಯ ಹೂಬಳ್ಳಿ ಕೂಡಿಸಿದ ಅಜ್ಜನ ಕಾಲದ ಬಿದರಿ ಹುಕ್ಕಾಕ್ಕಾಗಿ ಅಣ್ಣನಿಗೆ ವಿಷ ಹಾಕಿದ ತಮ್ಮ, ಪಾಳು ಗುಡಿಯ ಮೂರ್ತಿಯನ್ನು ಹುಲ್ಲಿನ ಬಂಡಿಯಲ್ಲಿ ಸಾಗಿಸಿದ ದಲಾಲ. ಇಂಥ ಮಾಲಿಗೆ ಮುಂಬೈಯಲ್ಲಿ ಗಿರಾಕಿಗಳಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಕಿತ್ತು ಮಾರಬಾರದೆಂದು ಸರಕಾರ ಡಂಗುರ ಸಾರಿಸಿತ್ತು, ಮಾರುವವರು ಮಾರುತ್ತಲೇ ಇದ್ದರು. ಹಾಗಾಗಿ ಕಥೆ ಕಟ್ಟಿದ್ದೋ ನಡೆದದ್ದೋ ಎಂದು ಯಾರೂ ಗಟ್ಟಿಯಾಗಿ ಹೇಳುವಂತಿರಲಿಲ್ಲ.

ಕಥೆ ಕೊಲೆಗಾರನ ಹತ್ತಿರ ಬಂದಾಗ ನಿಲ್ಲಿಸಿಬಿಡುತ್ತಿದ್ದರು. ಮೀಸೆಯ ತುದಿ ಮುಟ್ಟಿ, ಯಾರಿರಬಹುದು ಎಂದು ಕಟ್ಟೆಯ ಮೇಲಿದ್ದವರನ್ನೆಲ್ಲ ಕೇಳುವರು. ಒಬ್ಬ ತಮ್ಮ ಎನ್ನುವನು, ಇನ್ನೊಬ್ಬ ಸೊಸೆ ಎನ್ನುವನು. ಎಲ್ಲರದೂ ಮುಗಿದ ಮೇಲೆ ಯಾರೂ ಹೆಸರಿಸದವನನ್ನೇ ಕೊಲೆಗಾರನನ್ನಾಗಿ ಮಾಡುತ್ತಿದ್ದರು. ಇದು ಮೋಸವೆಂದು ನಾನು ಒಮ್ಮೆ ಜಗಳ ತೆಗೆದೆ. ಕಥೆ ಬರೆಯುವವನಿಗೆ ಕೊಲೆಗಾರ ಯಾರೆಂದು ಮೊದಲೇ ಗೊತ್ತಿರಬೇಕು, ಅದು ಶಾಸ್ತ್ರ ಎಂದೆ. ಅವರು ನಕ್ಕರು.

"ನನಗ ಮೊದಲ ಗೊತ್ತಿರಂಗಿಲ್ರಿ ಮಾಸ್ತರಸಾಬ. ಮಂದಿ ಮುಖಾ ನೋಡಿದ ಮ್ಯಾಲ ಗೊತ್ತಾಗ್ತದ."

ಶಾಸ್ತ್ರದ ಮಾತು ನನ್ನ ಬಾಯಿಗೆ ಬರಲು ಕಾರಣವಿತ್ತು. ನಾನೂ ಆಗ ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೆ. ಕದ್ದ ವಿಗ್ರಹ, ಕೊಲೆಯಾದ ಜಮೀನ್ದಾರ, ಚತುರ ಪತ್ತೇದಾರ, ಎಲ್ಲ ಇತ್ತು. ಮೊದಲ ಅಧ್ಯಾಯವನ್ನು ನಾಕೇದಾರರಿಗೆ ಓದಿ ತೋರಿಸಿದೆ. ಪೂರಾ ಕೇಳಿದರು, ಅದು ಅವರ ದೊಡ್ಡ ಗುಣ. ಆಮೇಲೆ, ನಿಮ್ಮ ಜಮೀನ್ದಾರರು ಬದುಕಿದ್ದಾಗಲೂ ಸತ್ತವರ ಹಾಗೇ ಮಾತಾಡ್ತಾರಲ್ರಿ, ಕೊಂದದ್ದು ಹ್ಯಾಂಗ ತಿಳೀಬೇಕು ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ಪ್ರತಿ ಶುಕ್ರವಾರ ಅವರ ಕಥೆಯನ್ನು ನಾನು ಒಪ್ಪಿಸಬೇಕಾಗಿತ್ತು. ರೊಟ್ಟಿ ಬಡಿಯುತ್ತ ಕೇಳುವಳು, ಕೈ ನಿಂತರೆ ಕಥೆ ಚೆನ್ನಾಗಿದೆ ಎಂದರ್ಥ. ನನ್ನ ಅಧ್ಯಾಯ ಓದಿದ ದಿನ ಒಂದು ರೊಟ್ಟಿಯೂ ತಡವಾಗಲಿಲ್ಲ.

ನಮ್ಮ ಕಡೆ ಕಥೆ ಹೇಳುವಾಗ ಒಬ್ಬರು ಹೂಂಗುಟ್ಟಬೇಕು. ಮಾತು ಮುಗಿದಲ್ಲೆಲ್ಲ 'ಹೂಂ' ಅನ್ನುವವರಿಲ್ಲದಿದ್ದರೆ ಹೇಳುವವನಿಗೆ ಮುಂದಕ್ಕೆ ಹೋಗಲು ಆಗುವುದಿಲ್ಲ, ಗೋಡೆಗೆ ಹೇಳಿದಂತಾಗುತ್ತದೆ. ಆ ಕಟ್ಟೆಯಲ್ಲಿ ಹೂಂಗುಟ್ಟುವ ಹಕ್ಕು ಅಂಗಡಿಯ ಸಾಹುಕಾರರದು. ಹಣೆತುಂಬ ವಿಭೂತಿ, ತುಂಬು ಧ್ವನಿ, ದಾನಧರ್ಮದಲ್ಲಿ ಎತ್ತಿದ ಕೈ. ನಾಕೇದಾರರು ಮಾತು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಸಾಹುಕಾರರ ಹೂಂ ಬಂದು ಕೂಡುತ್ತಿತ್ತು, ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಅವರಿಬ್ಬರ ಜೋಡಿ ಕಂಡೂ ನನಗೆ ಸಂಕಟವಾಗುತ್ತಿತ್ತು. ಕಥೆ ಹೇಳುವುದು ನನ್ನಿಂದ ಆಗದಿದ್ದರೆ ಹೋಗಲಿ, ಹೂಂ ಅನ್ನುವುದಾದರೂ ನನ್ನ ಪಾಲಿಗೆ ಬರಬಾರದೇ?

ಪ್ಲೇಗಿನ ವರ್ಷ ಕಟ್ಟೆಯ ಕಥೆ ನಿಜವಾಗಿಯೇ ಊರಿನೊಳಕ್ಕೆ ಬಂತು. ಹಲಬರ್ಗಾದ ಹೊಲಗಳ ನಡುವೆ ಒಂದು ಪಾಳು ಗುಡಿಯಿತ್ತು. ಒಳಗೆ ಪದ್ಮಾಸನ ಹಾಕಿ ಕುಳಿತ ಕರಿಕಲ್ಲಿನ ಮೂರ್ತಿ. ಜಿನನೋ ಶಿವನೋ ಯಾರೂ ವಿಚಾರಿಸಿರಲಿಲ್ಲ, 'ಕುಂತ ದೇವರು' ಎಂದು ಎಣ್ಣೆ ಹಾಕುತ್ತಿದ್ದರು. ಒಂದು ಬೆಳಿಗ್ಗೆ ಮೂರ್ತಿ ಇರಲಿಲ್ಲ, ಮುದಿ ಪೂಜಾರಿ ತಲೆ ಒಡೆದು ಗುಡಿಯ ಬಾವಿಯಲ್ಲಿ ಬಿದ್ದಿದ್ದ. ಮೂರ್ತಿ ಕಿತ್ತ ಪೀಠದ ಹತ್ತಿರ ಕಲ್ಲು ಕಡಿಯುವ ಒಂದು ಚಾಣ ಸಿಕ್ಕಿತು. ಅದು ಆ ಬಾವಿಯ ಮೆಟ್ಟಿಲು ಸರಿಮಾಡಲು ಬಂದಿದ್ದ ಕಲ್ಲುಕುಟಿಗನದು. ಅವನು ದಿನವೂ ಹತ್ಯಾರುಗಳನ್ನು ಗುಡಿಯಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದನೆಂದು ಊರಿಗೇ ಗೊತ್ತು. ಆದರೆ ಪೊಲೀಸ ಅಮೀನ ಸಾಹೇಬರಿಗೆ ಅಷ್ಟೇ ಸಾಕಾಯಿತು. ಕಲ್ಲಿನಿಂದ ಕಲ್ಲು ಬಿಡಿಸಲು ಕಲ್ಲಿನ ಕೆಲಸದವನಲ್ಲದೆ ಮತ್ತಾರು ಎಂದು ಅವನನ್ನು ಹಿಡಿದು ತಂದು ಭಾಲ್ಕಿಯ ಠಾಣೆಯಲ್ಲಿ ಹಾಕಿದರು. ಬೀದರಿನ ಅದಾಲತ್ತಿಗೆ ಕಳಿಸುವ ತಯಾರಿ ನಡೆಯಿತು. ಅಲ್ಲಿಗೆ ಹೋದರೆ ಅವನ ಕುತ್ತಿಗೆ ಉಳಿಯುವುದಿಲ್ಲವೆಂದು ಎಲ್ಲರಿಗೂ ತಿಳಿದಿತ್ತು.

ನಮ್ಮ ಮನೆಯ ಬೀಸುವ ಕಲ್ಲು ಅವನೇ ಕಡಿದು ಕೊಟ್ಟದ್ದು. ಅವನ ಹೆಂಡತಿ ಪೇಟೆಯಲ್ಲಿ ಅಂಗಡಿ ಅಂಗಡಿಗೆ ಹೋಗಿ, ನನ್ನ ಗಂಡ ಇರುವೆಯನ್ನೂ ತುಳಿಯುವವನಲ್ಲ ಎಂದು ಅತ್ತಳು. ಯಾರು ಏನು ಮಾಡಬೇಕು? ಸಾಹುಕಾರರು ಮಾತ್ರ ಅವಳ ಸೆರಗಿಗೆ ಜೋಳ ಸುರಿದರು, ದೇವರಿದ್ದಾನೆ ಎಂದು ಸಮಾಧಾನ ಹೇಳಿದರು. ನಾಕೇದಾರರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಇಷ್ಟು ದೊಡ್ಡ ಮನುಷ್ಯ, ಅಮೀನರ ಗೆಳೆಯ, ಒಂದು ಮಾತು ಆಡಬಾರದೇ ಎಂದು ನಾನು ಮನಸ್ಸಿನಲ್ಲೇ ಬೈದೆ. ಬೈಯಲು ಒಂದು ಕಾರಣ ಸಿಕ್ಕಿತೆಂದು ಹಿತವೂ ಆಯಿತು.

ಆ ಶುಕ್ರವಾರ ಕಟ್ಟೆಯ ಮೇಲೆ ಅಮೀನರೂ ಬಂದು ಕುಳಿತಿದ್ದರು. ನಾಕೇದಾರರು ಹೊಸ ಕಥೆ ಶುರುಮಾಡಿದರು. ಎಲ್ಲೋ ಒಂದು ಊರು, ಅಲ್ಲಿಗೆ ಪ್ಲೇಗು ಬಂದಿದೆ, ಹೆಣ ಕಂಡರೆ ಮಂದಿ ದಾರಿ ಬಿಟ್ಟು ದೂರ ನಿಲ್ಲುತ್ತಾರೆ. ನಾಕಾದ ಮುಂದೆ ಒಂದು ವಿಮಾನ ಬರುತ್ತದೆ. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಹೂ ಕಟ್ಟಿದ ವಿಮಾನದಲ್ಲಿ ಕೂಡಿಸಿ ಹೊತ್ತು ಒಯ್ಯುತ್ತಾರೆ. ಹಾಗೆ ಕುಳಿತವನ ಮೈತುಂಬ ಬಿಳಿ ಧೋತರ, ಹಣೆಗೆ ವಿಭೂತಿ, ಬೇನೆಯ ಭಯಕ್ಕೆ ಬಾಯಿ ಮೂಗಿಗೆ ಬಟ್ಟೆ. ನಾಕಾದವನು ಎಲ್ಲರ ಹಾಗೆ ಪಕ್ಕಕ್ಕೆ ಸರಿದು ಕೈ ಮುಗಿಯುತ್ತಾನೆ. ಹೂಂ, ಹೂಂ ಎಂದು ಸಾಹುಕಾರರು ಎಂದಿನಂತೆ ಅನ್ನುತ್ತ ಬಂದರು.

ಅಲ್ಲಿಂದ ಮುಂದೆ ನಾಕೇದಾರರ ಕಥೆ ಕುಂಟತೊಡಗಿತು. ಮಾತು ಮುಗಿಸುವಲ್ಲಿ ಮುಗಿಸಲೊಲ್ಲರು.

"ಹೊತ್ತವರೊಳಗ ಒಬ್ಬಾಂವ ಎಡವಿದ. ವಿಮಾನ ವಾಲಿತು. ಇಂಥಾ ಹೊತ್ತಿನ್ಯಾಗ ಸತ್ತವರ ತಲಿ ಹೊಯ್ದಾಡ್ತದ, ನಾ ಎಷ್ಟೋ ನೋಡೇನಿ. ಇವನ ತಲಿ..."

"ಹೂಂ," ಎಂದರು ಸಾಹುಕಾರರು. ಉಳಿದವರೆಲ್ಲ ಬಾಯಿ ತೆರೆದು ಕಾಯುತ್ತಿದ್ದರು.

"ಅಳ್ಳಾಡಲಿಲ್ಲ. ಸ್ಮಶಾನ ಹಿಂದ ಉಳೀತು, ಹೆಣ ಮುಂದ ನಡೀತು. ನಡೆದು ನಡೆದು ಎಲ್ಲಿಗಿ..."

"ಹೂಂ."

"ಪ್ಯಾಟಿಗಿ ಬಂತು. ಅದು ಹೆಣ ಅಲ್ರಿ, ಕಲ್ಲು."

ಕಟ್ಟೆಯ ಮೇಲೆ ಗುಸುಗುಸು ಎದ್ದಿತು. ಹೂಂ ಮಾತ್ರ ಬರಲಿಲ್ಲ. ನಾಕೇದಾರರು ಕುತ್ತಿಗೆಯ ಗುಂಡಿ ಮುಟ್ಟಿಕೊಂಡು ಮೆಲ್ಲಗೆ ಹೇಳಿದರು.

"ಹೂಂ ಅನ್ರಿ ಸಾಹುಕಾರ್ರ. ಕಥಿ ನಿಂತದ."

ಸಾಹುಕಾರರು ಒಳಗಿನಿಂದ ನೀರು ತರಿಸಿಕೊಂಡು ಕುಡಿದರು. ತಲೆನೋವು ಎಂದು ಎದ್ದು ಹೋದರು. ಅವತ್ತು ಕೊಲೆಗಾರ ಯಾರೆಂಬ ಪ್ರಶ್ನೆಯೇ ಬರಲಿಲ್ಲ, ಕಥೆ ಅರ್ಧಕ್ಕೆ ಮುರಿಯಿತು. ನನಗಾದ ಖುಷಿ ಹೇಳತೀರದು. ಮಾತನ್ನು ನಡುವೆ ತುಂಡರಿಸುವುದು, ಹೂಂ ಎಲ್ಲೆಲ್ಲೋ ಬೀಳುವುದು, ಕೊನೆಗೆ ಹೂಂಗುಟ್ಟುವವರೇ ಎದ್ದು ಹೋಗುವುದು, ಇಷ್ಟು ಕೆಟ್ಟದಾಗಿ ಅವರು ಎಂದೂ ಕಥೆ ಹೇಳಿರಲಿಲ್ಲ. ಕೈ ತಪ್ಪಿತು, ಇನ್ನು ಇವರ ಕಾಲ ಮುಗಿಯಿತು ಎಂದುಕೊಂಡೆ. ಮನೆಗೆ ಹೋಗಿ ಹೆಂಡತಿಗೆ ಬಹಳ ಉತ್ಸಾಹದಿಂದ ಒಪ್ಪಿಸಿದೆ. ಅವಳ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು. ಸಾಹುಕಾರ್ರಿಗಿ ಮೊದಲ ಹ್ಯಾಂಗ ಗೊತ್ತಾಯ್ತು ಎಂದು ಕೇಳಿದಳು. ಏನು ಗೊತ್ತಾಯಿತು ಎಂದು ನಾನು ಅವಳನ್ನೇ ಕೇಳಿದೆ.

ಕಟ್ಟೆಯಲ್ಲಿ ಅಮೀನರಿಗೂ ನನ್ನಷ್ಟೇ ತಿಳಿದಿತ್ತು. ನಾಕೇದಾರರು ಬಿಡಿಸಿ ಹೇಳಿದಾಗ ನಕ್ಕುಬಿಟ್ಟರಂತೆ. ಒಂದು ಹೂಂಗೆ ಊರಿನ ದೊಡ್ಡ ಸಾಹುಕಾರನ ಮನೆ ಹುಡುಕಲೇ, ನನ್ನ ಪಗಡಿ ಉಳಿಯಬೇಕಲ್ಲ ಎಂದರಂತೆ. ನಾಕೇದಾರರು ಅವರ ಪಗಡಿಯನ್ನು ಅವರಿಗೇ ಬಿಟ್ಟು ತಮ್ಮ ಪಗಡಿಯನ್ನು ಪಣಕ್ಕಿಟ್ಟರು. ಸಂಗ್ರಹಿಸಿಟ್ಟ ಧಾನ್ಯಕ್ಕೆ ಸುಂಕ ಸರಿಯಾಗಿ ಬಂದಿದೆಯೋ ಇಲ್ಲವೋ ನೋಡುವ ಅಧಿಕಾರ ನಾಕಾದವರಿಗಿತ್ತು. ಮರುದಿನ ಬೆಳಿಗ್ಗೆಯೇ ಕುದುರೆ ಏರಿ ಸಾಹುಕಾರರ ಮನೆಗೆ ಹೋಗಿ, ಅಂಗಳದ ಹಗೇವು ತೆರೆಯಿರಿ ಎಂದರು.

ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಬಾಯಿ ತೆರೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿಗೆ ಆಳು ಸಾಯುತ್ತಾನೆ. ಗಾಳಿ ಹೋಗುವವರೆಗೆ ಕಾಯಬೇಕು. ಊರೆಲ್ಲ ಅಂಗಳದಲ್ಲಿ ನೆರೆದಿತ್ತು. ಒಳಗೆ ಜೋಳವಷ್ಟೇ ಇದ್ದರೆ ನಾಕೇದಾರರ ನೌಕರಿ ಅಲ್ಲಿಗೆ ಮುಗಿದಂತೆ, ಕಲ್ಲುಕುಟಿಗನ ಕಥೆಯೂ ಮುಗಿದಂತೆ. ಅವರು ಮಂಚದ ಮೇಲೆ ಕಾಲಮೇಲೆ ಕಾಲು ಹಾಕಿ ಕುಳಿತು, ಅಡಿಕೆ ಕತ್ತರಿಸುತ್ತ, ಪಕ್ಕದವರ ಹತ್ತಿರ ಆ ವರ್ಷದ ಕಡಲೆ ಬೆಳೆಯ ಮಾತಾಡುತ್ತಿದ್ದರು. ಆ ಧೈರ್ಯ ಕಂಡು ನನಗೆ ಮೈ ಉರಿಯಿತು. ಏನೂ ಸಿಗದಿರಲಿ ಎಂದು ಒಂದು ಕ್ಷಣ ಅನಿಸಿತು. ಕಂಬಕ್ಕೊರಗಿ ನಿಂತಿದ್ದ ಕಲ್ಲುಕುಟಿಗನ ಹೆಂಡತಿಯ ಮುಖ ಕಂಡಾಗ ಸಿಗಲಿ ಎಂದು ದೇವರನ್ನು ಬೇಡಿದೆ. ಹೀಗೆ ಎರಡೂ ಕಡೆ ಬೇಡುತ್ತಲೇ ಇದ್ದೆ.

ಕಡೆಗೆ ಆಳುಗಳು ಇಳಿದರು. ಜೋಳ ಸರಿಸಿದ ಮೇಲೆ ಮೊದಲು ಬಿಳಿ ಧೋತರ ಕಂಡಿತು, ಆಮೇಲೆ ಕರಿಕಲ್ಲಿನ ಮುಖ. ಹಣೆಯ ವಿಭೂತಿ ಇನ್ನೂ ಹೋಗಿರಲಿಲ್ಲ. ಸಾಹುಕಾರರ ಆಳುಗಳು ಅಲ್ಲೇ ಕೂತು ಎಲ್ಲ ಬಾಯಿಬಿಟ್ಟರು. ಮೂರ್ತಿ ಕೀಳುವಾಗ ಪೂಜಾರಿ ಎದ್ದು ಬಂದನಂತೆ, ಅಡ್ಡ ನಿಂತನಂತೆ, ಸಾಹುಕಾರರೇ ಹಾರೆ ಎತ್ತಿದರಂತೆ. ಮುಂಬೈಯಿಂದ ಬರಬೇಕಾಗಿದ್ದ ಗಿರಾಕಿ ಕಡೆಗೂ ಸಿಗಲಿಲ್ಲ, ಅವನ ಹೆಸರೂ ಹೊರಬರಲಿಲ್ಲ. ಸಾಹುಕಾರರು ಮಾತ್ರ ಬೀದರಿನ ಜೈಲಿಗೆ ಹೋದವರು ಮತ್ತೆ ಮನೆಗೆ ಬರಲಿಲ್ಲ.

ಆ ದಿನ ಹೇಗೆ ತಿಳಿಯಿತೆಂದು ನಾಕೇದಾರರನ್ನು ನಾನು ಕೇಳಿದೆ. ಕೇಳಬಾರದೆಂದು ಬಹಳ ತಡೆದುಕೊಂಡೆ, ಆಗಲಿಲ್ಲ. ವಿಮಾನ ಅವರ ಕಣ್ಣೆದುರಿಗೇ ನಾಕಾ ದಾಟಿತ್ತು, ಕೈ ಮುಗಿದದ್ದೂ ಅವರೇ. ತಲೆ ಅಲ್ಲಾಡದ್ದರ ಅರ್ಥ ಮೂರ್ತಿ ಕಳುವಾದ ಸುದ್ದಿ ಬಂದ ಮೇಲೆ ಹೊಳೆಯಿತಂತೆ. ಮಾಲು ಪೇಟೆಯೊಳಗಿದೆ ಎಂಬುದಷ್ಟು ಗೊತ್ತಿತ್ತು, ಯಾರ ಮನೆಯಲ್ಲಿ ಎಂಬುದು ಗೊತ್ತಿರಲಿಲ್ಲ. ಅದಕ್ಕೇ ಪೇಟೆಯವರೆಲ್ಲರಿಗೂ ಕಥೆ ಹೇಳಿದರು.

"ಮಾತು ಬೇಕಂತನೇ ಅರ್ಧಕ್ಕ ಬಿಟ್ಟೆ ಮಾಸ್ತರಸಾಬ. ಗೊತ್ತಿಲ್ಲದಾಂವ ಕಾಯ್ತಾನ. ಗೊತ್ತಿದ್ದಾಂವಗ ಕಾಯೂದು ಆಗಂಗಿಲ್ಲ."

ಬಿಡುಗಡೆಯಾದ ಕಲ್ಲುಕುಟಿಗ ಹೆಂಡತಿಯನ್ನು ಕರೆದುಕೊಂಡು ಬಂದು ಅವರ ಕಾಲಿಗೆ ಬಿದ್ದ. ನಾಕೇದಾರರು ಅವನನ್ನು ಎಬ್ಬಿಸಿ ಕೇಳಿದ ಮೊದಲ ಮಾತು, ನನ್ನ ಕಥೆ ಕೇಳಿದೆಯೋ ಇಲ್ಲವೋ ಎಂದು. ಠಾಣೆಯ ಕೋಣೆಯಲ್ಲಿದ್ದವನು ಎಲ್ಲಿ ಕೇಳಬೇಕು? ಹಾಗಾದರೆ ಕೂಡು ಎಂದು, ಅವನಿಗೆ ಊಟ ಹಾಕಿಸಿ, ಮೊದಲಿನಿಂದ ಕಡೆಯವರೆಗೆ ಹೇಳಿದರು. ಅಷ್ಟು ಜಂಬ ಅವರಿಗೆ. ಅವನು ಹೂಂಗುಟ್ಟುತ್ತ ಅಳುತ್ತಿದ್ದ. ನನ್ನ ಹೆಂಡತಿ ನಾಕೇದಾರರಿಗೆ ಹೋಳಿಗೆ ಮಾಡಿ ನನ್ನ ಕೈಯಲ್ಲೇ ಕಳಿಸಿದಳು. ದಾರಿಯಲ್ಲಿ ಎರಡು ನಾನು ತಿಂದೆ, ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಸರಕಾರ ಅವರಿಗೆ ಕೊಟ್ಟ ಇನಾಮು ವರ್ಗಾವಣೆ. ಸಾಹುಕಾರರ ಬೀಗರು ಹೈದರಾಬಾದಿನವರೆಗೆ ಕೈ ಚಾಚಬಲ್ಲವರು. ಔರಾದ ತಾಲೂಕಿನ ಮೂಲೆಯ ಡಾಬಕಾಕ್ಕೆ ಹಾಕಿದರು. ಅಲ್ಲಿ ಮಂದಿ ಅರ್ಧ ಮರಾಠಿ ಆಡುತ್ತಾರೆ, ಇವರ ಕಥೆ ಯಾರು ಕೇಳುತ್ತಾರೆ ನೋಡೋಣ ಎಂದು ನಾನು ಸಮಾಧಾನ ಮಾಡಿಕೊಂಡೆ. ಒಮ್ಮೆ ಔರಾದಕ್ಕೆ ಹೋದಾಗ ಅಲ್ಲಿಗೂ ಹೋಗಿ ಬಂದೆ. ಬೇವಿನ ಮರದ ಕೆಳಗೆ ಇಲ್ಲಿಗಿಂತ ದೊಡ್ಡ ಗುಂಪು. ಒಂದು ಮಾತು ಕನ್ನಡ, ಒಂದು ಮಾತು ಮರಾಠಿ, ನಡುವೆ ದಖನಿಯ ಒಗ್ಗರಣೆ. ಕೊಲೆಗಾರ ಯಾರೆಂದು ನನ್ನನ್ನೂ ಕೇಳಿದರು. ನಾನು ಹೇಳಿದವನು ಅಲ್ಲವೆಂದಾಯಿತು. ಊರಿಗೆ ಬರುವ ದಾರಿಯುದ್ದಕ್ಕೂ ಆ ಕಥೆಯೇ ತಲೆಯಲ್ಲಿ ಸುತ್ತುತ್ತಿತ್ತು.

ನನ್ನ ಕಾದಂಬರಿ ಸೊಲ್ಲಾಪುರದಲ್ಲಿ ಅಚ್ಚಾಯಿತು. ಪ್ರತಿಗಳು ಅಟ್ಟದ ಮೇಲಿವೆ. ಓದಿದ ನಾಲ್ಕಾರು ಮಂದಿ, ಇದು ನಾಕೇದಾರ ಸಾಹೇಬರ ಕಥಿ ಇದ್ದಾಂಗ ಅದ, ಖರೆ ಅವರು ಹೇಳಿದಾಂಗ ಇಲ್ಲ ಎಂದರು.

ಕೆಲಸದಿಂದ ನಿವೃತ್ತರಾಗಿ ಅವರು ಬೀದರಿಗೆ ಮರಳಿದ್ದರು, ಅಲ್ಲೇ ತೀರಿಕೊಂಡರು. ಅಷ್ಟೂರಿನ ದಾರಿಯ ಪಕ್ಕದ ಕಬರಸ್ತಾನದಲ್ಲಿ ಮಣ್ಣು ಮಾಡಿದ್ದರು. ಹೆಂಡತಿಯ ಕಾಟಕ್ಕೆ ನಾನು ನೋಡಲು ಹೋದೆ. ಗೋರಿಯ ಹತ್ತಿರ ಒಬ್ಬ ಮುದುಕ ಕುಳಿತು ಕಲ್ಲು ಕೆತ್ತುತ್ತಿದ್ದ. ಆ ಕಲ್ಲುಕುಟಿಗನೇ. ಸುದ್ದಿ ತಿಳಿದು ಹಲಬರ್ಗಾದಿಂದ ನಡೆದು ಬಂದಿದ್ದ, ಕಲ್ಲೂ ಅವನದೇ, ಕೂಲಿಯೂ ಬೇಡ ಅಂದಿದ್ದ. ತಲೆಯ ಕಡೆಯ ಕಲ್ಲಿಗೆ ನಾಕೇದಾರರ ಮಗ ಉರ್ದುವಿನಲ್ಲಿ ಬರೆಸಿಕೊಟ್ಟಿದ್ದ. ಕಾಲಿನ ಕಡೆಯದು ಖಾಲಿ ಇತ್ತು, ಅಲ್ಲಿ ಕನ್ನಡ ಇರಲಿ ಎಂದು ಮುದುಕ ಮಗನನ್ನು ಒಪ್ಪಿಸಿದ್ದ.

"ನೀವು ಬರಿಯಾವ್ರು, ನೀವ ಹೇಳ್ರಿ ಮಾಸ್ತರ್ರ. ಏನ್ ಕಡೀಲಿ? ನನ್ನ ಜೀವ ಉಳಸ್ಯಾರ, ಹಂಗ ಬಿಡಬಾರದ್ರಿ."

ನಾನು ಬಹಳ ಹೊತ್ತು ಯೋಚಿಸಿದೆ. 'ಸತ್ಯಸಂಧರೂ ಪರೋಪಕಾರಿಗಳೂ ಆದ' ಎಂದು ಶುರುವಾದದ್ದೆಲ್ಲ ನನ್ನ ಕಾದಂಬರಿಯ ಜಮೀನ್ದಾರನ ಹಾಗೆ ಕೇಳಿಸಿತು. ಸಿಟ್ಟು ಬಂತು. ಈ ಮನುಷ್ಯ ಈಗ ಇಲ್ಲಿದ್ದರೆ ಏನು ಹೇಳುತ್ತಿದ್ದ ಎಂದು ನೆನೆದೆ. ಶೇರವಾನಿ, ಮೀಸೆ, ಎಲ್ಲ ಕಣ್ಣಿಗೆ ಬಂತು. ಶಾಸ್ತ್ರ ಬಿಟ್ಟು, ವ್ಯಾಕರಣ ಬಿಟ್ಟು, ಅವರ ಬಾಯಿಂದ ಬಂದಂತೆ ಒಂದು ಮಾತು ಸುಣ್ಣದ ಕಡ್ಡಿಯಿಂದ ಕಲ್ಲಿನ ಮೇಲೆ ಬರೆದೆ. ಮುದುಕ ಅದನ್ನು ನನ್ನಿಂದ ಓದಿಸಿ ಕೇಳಿದ. ಆಮೇಲೆ ಚಾಣ ಹಿಡಿದು ಆ ಮಾತನ್ನು ಹಾಗೆಯೇ ಕಡಿಯತೊಡಗಿದ: 'ಉಳದದ್ದು ನೀವು ಬಂದ ಮ್ಯಾಲ ಹೇಳ್ತೇನಿ.'

ನಾನು ಜೀವಮಾನದಲ್ಲಿ ಬರೆದ ಒಳ್ಳೆಯ ವಾಕ್ಯ ಅದೊಂದೇ ಎಂದು ನನಗೆ ಆಗಲೇ ತಿಳಿಯಿತು. ಈಗ ಆ ದಾರಿಯಲ್ಲಿ ಹೋಗುವವರು ನಿಂತು ಓದುತ್ತಾರೆ, ನಗುತ್ತಾರೆ, ಕೆಲವರು ಕಣ್ಣು ಒರೆಸಿಕೊಳ್ಳುತ್ತಾರೆ. ಹೋದ ತಿಂಗಳು ನಾನು ಅಲ್ಲಿ ನಿಂತಿದ್ದಾಗ ಒಬ್ಬ ತರುಣ ವ್ಯಾಪಾರಿ ಬಂಡಿ ಇಳಿದು ಬಂದ. ನನ್ನ ಹಳೆಯ ವಿದ್ಯಾರ್ಥಿ, ಅಕ್ಷರ ತಿದ್ದಿಸಿದವನು ನಾನೇ. ಕಲ್ಲಿನ ಮೇಲಿನದನ್ನು ಗಟ್ಟಿಯಾಗಿ ಓದಿ ತಲೆದೂಗಿದ.

"ಸಾಯೂ ಹೊತ್ತಿನ್ಯಾಗೂ ಎಂಥಾ ಮಾತು ಹೇಳಿ ಹೋಗ್ಯಾರ ನೋಡ್ರಿ ಗುರುಗಳ. ನೀವೂ ಇಷ್ಟು ಬರದೀರಿ, ಇಂಥಾದೊಂದು ನಿಮಗ ಬರ್ತದೇನ್ರಿ?"

"ಬರಂಗಿಲ್ಲಪ್ಪ," ಎಂದೆ.